ವೇಗದ ದೋಣಿಗೆ ಅಶ್ವಶಕ್ತಿಯೊಂದೇ ಸಾಲದು, ಅಳವಡಿಕೆಯ ದಾಖಲೆಯೂ ಬೇಕು

ಮಾನ್ಯ ಸಂಪಾದಕರೇ,

ಕರಾವಳಿಗೆ ಹೊಸ ವೇಗದ ದೋಣಿ ಬಂದಾಗಲೆಲ್ಲ ಪತ್ರಿಕೆಗಳ ಸುದ್ದಿಯಲ್ಲಿ ಎರಡು ಅಂಕಿಗಳು ತಪ್ಪದೆ ಇರುತ್ತವೆ: ಎಂಜಿನ್‌ಗಳ ಅಶ್ವಶಕ್ತಿ ಎಷ್ಟು, ದೋಣಿಯ ಗರಿಷ್ಠ ವೇಗ ಎಷ್ಟು. ಅದು ಪೊಲೀಸರ ಗಸ್ತು ದೋಣಿಯಾಗಿರಲಿ, ಪ್ರವಾಸಿಗರನ್ನು ಕರೆದೊಯ್ಯುವ ಸ್ಪೀಡ್‌ಬೋಟ್ ಆಗಿರಲಿ, ಟೆಂಡರ್‌ನಿಂದ ಹಿಡಿದು ಉದ್ಘಾಟನೆಯ ಭಾಷಣದವರೆಗೆ ಮಾತೆಲ್ಲ ಈ ಎರಡರ ಸುತ್ತಲೇ ತಿರುಗುತ್ತದೆ. ಕೊಲ್ಲಿ ರಾಷ್ಟ್ರದ ದೋಣಿ ಯಾರ್ಡ್‌ಗಳಲ್ಲಿ ಇಂತಹ ದೋಣಿಗಳಿಗೆ ಎಂಜಿನ್ನನ್ನೂ, ಅದರ ಶಕ್ತಿಯನ್ನು ಪ್ರೊಪೆಲ್ಲರ್‌ಗೆ ಮುಟ್ಟಿಸುವ ಡ್ರೈವನ್ನೂ ಕೂರಿಸುವ ಕೆಲಸದಲ್ಲೇ ದುಡಿಮೆಯ ಬಹುಪಾಲು ವರ್ಷಗಳನ್ನು ಕಳೆದು ಊರಿಗೆ ಮರಳಿರುವ ನನಗೆ, ಕೇಳಬೇಕಾದ ಪ್ರಶ್ನೆಗಳು ಬೇರೆಯೇ ಇವೆ ಎನಿಸುತ್ತದೆ. ಎಂಜಿನ್ ಯಾವ ಎತ್ತರದಲ್ಲಿ ಕೂತಿದೆ, ಅದಕ್ಕೆ ಯಾವ ಪ್ರೊಪೆಲ್ಲರ್ ಹಾಕಲಾಗಿದೆ, ಪೂರ್ತಿ ಜನ ಮತ್ತು ಪೂರ್ತಿ ಇಂಧನ ತುಂಬಿಸಿ, ವೇಗ ಏರಿಸುವ ಥ್ರಾಟಲ್ ಹಿಡಿಯನ್ನು ಕೊನೆಯವರೆಗೆ ತಳ್ಳಿದಾಗ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗಿತು, ಇವನ್ನೆಲ್ಲ ಬರೆದಿಟ್ಟ ಹಾಳೆ ಯಾರ ಕೈಯಲ್ಲಿದೆ ಎಂಬುದನ್ನು ಯಾರೂ ಕೇಳುತ್ತಿಲ್ಲ. ಈ ಪತ್ರ ಅದರ ಬಗ್ಗೆ.

ಅಶ್ವಶಕ್ತಿ ದುಪ್ಪಟ್ಟಾದರೆ ವೇಗವೂ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ನೀರನ್ನು ಸೀಳುತ್ತಾ ಹೋಗುವ ಬದಲು ನೀರಿನ ಮೇಲಕ್ಕೆ ಎದ್ದು ಜಾರುತ್ತಾ ಓಡುವ ದೋಣಿಗಳ ವೇಗವನ್ನು ಅಂದಾಜು ಮಾಡಲು ಕ್ರೌಚ್ ಸೂತ್ರ ಎಂಬ ಹಳೆಯ ಲೆಕ್ಕವೊಂದು ಇಂದಿಗೂ ಬಳಕೆಯಲ್ಲಿದೆ. ಅಶ್ವಶಕ್ತಿಯನ್ನು ದೋಣಿಯ ತೂಕದಿಂದ ಭಾಗಿಸಿದಾಗ ಬರುವ ಸಂಖ್ಯೆಯ ವರ್ಗಮೂಲಕ್ಕೆ ಅನುಗುಣವಾಗಿ ವೇಗ ಏರುತ್ತದೆ ಎಂಬುದು ಅದರ ಸಾರ. 3 ಟನ್ ತೂಕದ ದೋಣಿ 300 ಅಶ್ವಶಕ್ತಿಯಲ್ಲಿ ಗಂಟೆಗೆ 80 ಕಿಲೋಮೀಟರ್ ಓಡುತ್ತಿದೆ ಎಂದುಕೊಳ್ಳೋಣ. ತೂಕ ಬದಲಾಗದೆ ಶಕ್ತಿ 600ಕ್ಕೆ ಏರಿದರೆ ವೇಗ ಸುಮಾರು 113 ಕಿಲೋಮೀಟರ್ ಆಗುತ್ತದೆಯೇ ಹೊರತು 160 ಆಗುವುದಿಲ್ಲ. ದೊಡ್ಡ ಎಂಜಿನ್ ತನ್ನ ಜೊತೆಗೆ ತೂಕವನ್ನೂ, ಹೆಚ್ಚು ಇಂಧನವನ್ನೂ ತರುವುದರಿಂದ ದೋಣಿಯ ಒಟ್ಟು ಭಾರ 3.3 ಟನ್‌ಗೆ ಏರಿತೆಂದರೆ, ಆ 113 ಕೂಡ 108ರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಸಾರ್ವಜನಿಕರ ದುಡ್ಡಿನಲ್ಲಿ ಎರಡು ಪಟ್ಟು ಇಂಧನ ಸುಟ್ಟು ಮೂರನೇ ಒಂದರಷ್ಟು ಹೆಚ್ಚುವರಿ ವೇಗ ಗಳಿಸಿದಂತಾಯಿತು. ಅದೂ ಅಳವಡಿಕೆ ಸರಿಯಾಗಿದ್ದರೆ ಮಾತ್ರ. ಅಳವಡಿಕೆ ಕೆಟ್ಟರೆ ಆ ಹೆಚ್ಚುವರಿ ಶಕ್ತಿಯೆಲ್ಲ ನೊರೆಯಾಗಿ ದೋಣಿಯ ಹಿಂದೆ ಹೋಗುತ್ತದೆ.

ಮೊದಲು ಎತ್ತರದ ವಿಷಯ. ದೋಣಿಯ ಒಳಗೆ ಎಂಜಿನ್, ಹಿಂಗೋಡೆಯ ಹೊರಗೆ ಡ್ರೈವ್ ಇರುವ ಏರ್ಪಾಡಿಗೆ ಸ್ಟರ್ನ್ ಡ್ರೈವ್ ಎನ್ನುತ್ತಾರೆ. ಅಮೆರಿಕದ ಜಿಮ್ ವಿನ್ ಅವರ ಆಲೋಚನೆಯನ್ನು ಆಧರಿಸಿ ಸ್ವೀಡನ್ನಿನ ವೋಲ್ವೊ ಪೆಂಟಾ ಕಂಪನಿ ಇದನ್ನು 1959ರಲ್ಲಿ ಮಾರುಕಟ್ಟೆಗೆ ತಂದಿತು. ಇಂತಹ ದೋಣಿಯಲ್ಲಿ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್‌ನ ನಡುಮಧ್ಯದಿಂದ ದೋಣಿಯ ತಳಕ್ಕೆ ಇರುವ ನೇರ ಎತ್ತರವನ್ನು ಯಾರ್ಡ್‌ನಲ್ಲಿ ಎಕ್ಸ್ ಡೈಮೆನ್ಷನ್ ಎಂದು ಕರೆಯುತ್ತೇವೆ. ಹಿಂಗೋಡೆಯಲ್ಲಿ ಡ್ರೈವ್‌ಗಾಗಿ ಕಿಂಡಿ ಕೊರೆಯುವ ದಿನವೇ ಇದು ತೀರ್ಮಾನವಾಗಿಬಿಡುತ್ತದೆ. ಕಿಂಡಿ ಒಂದು ಅಂಗುಲ ಕೆಳಗಾದರೆ ಡ್ರೈವ್‌ನ ಕೆಳಭಾಗದ ಗೇರ್ ಪೆಟ್ಟಿಗೆ ಅಷ್ಟೇ ಆಳಕ್ಕೆ ನೀರಿನಲ್ಲಿ ಮುಳುಗಿರುತ್ತದೆ. ನೀರಿನ ಎಳೆತ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಗಮನಕ್ಕೇ ಬಾರದ ಆ ಒಂದು ಅಂಗುಲ 100 ಕಿಲೋಮೀಟರ್ ವೇಗದಲ್ಲಿ ದೊಡ್ಡ ಹೊರೆಯಾಗುತ್ತದೆ. ಹಾಗೆಂದು ಮನಸ್ಸಿಗೆ ಬಂದಷ್ಟು ಮೇಲೆ ಕೂರಿಸುವಂತೆಯೂ ಇಲ್ಲ. ತೀರಾ ಮೇಲೇರಿದರೆ ತಿರುವಿನಲ್ಲಿ ಪ್ರೊಪೆಲ್ಲರ್ ಗಾಳಿ ಹಿಡಿದು ನೀರಿನ ಹಿಡಿತ ಕಳೆದುಕೊಳ್ಳುತ್ತದೆ, ಎಂಜಿನ್ ಸುತ್ತು ಒಮ್ಮೆಲೇ ಮೇಲಕ್ಕೆ ಹಾರುತ್ತದೆ, ಗೇರ್ ಪೆಟ್ಟಿಗೆಯ ಮೇಲಿರುವ ನೀರು ಸೆಳೆಯುವ ರಂಧ್ರಗಳು ಗಾಳಿಗೆ ತೆರೆದುಕೊಂಡು ಎಂಜಿನ್‌ಗೆ ತಂಪಿನ ನೀರು ಸಿಗದಂತಾಗುತ್ತದೆ. ಇಡಿಯಾಗಿ ಹಿಂಗೋಡೆಯ ಹೊರಗೆ ತೂಗುವ ಔಟ್‌ಬೋರ್ಡ್ ಎಂಜಿನ್‌ನಲ್ಲಿ ಇದನ್ನು ಆಮೇಲೂ ತಿದ್ದಬಹುದು. ಪ್ರೊಪೆಲ್ಲರ್ ಮೇಲಿನ ಅಡ್ಡ ತಟ್ಟೆಯನ್ನು ದೋಣಿಯ ತಳದ ಮಟ್ಟಕ್ಕೆ ಹೊಂದಿಸಿ ಶುರು ಮಾಡಿ, ಎಂಜಿನ್ನನ್ನು ಏರಿಸಿ ಇಳಿಸುವ ಜ್ಯಾಕ್ ಪ್ಲೇಟ್ ಇದ್ದರೆ ಅರ್ಧ ಅರ್ಧ ಅಂಗುಲದಂತೆ ಏರಿಸುತ್ತಾ, ಪ್ರತಿ ಸಲವೂ ಜಿಪಿಎಸ್ ವೇಗ, ಎಂಜಿನ್ ಸುತ್ತು, ನೀರಿನ ಒತ್ತಡ ಮೂರನ್ನೂ ಬರೆದುಕೊಳ್ಳಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎತ್ತರವನ್ನೂ ಪ್ರೊಪೆಲ್ಲರನ್ನೂ ಒಟ್ಟಿಗೆ ಬದಲಿಸಿದವನಿಗೆ ಲಾಭವಾದರೂ ಯಾವುದರಿಂದ ಆಯಿತೆಂದು ತಿಳಿಯುವುದಿಲ್ಲ.

ಎರಡನೆಯದು ಎಂಜಿನ್ ಮತ್ತು ಡ್ರೈವ್ ಒಂದೇ ನೇರದಲ್ಲಿ ನಿಲ್ಲಬೇಕಾದ ವಿಷಯ. ಇದು ಓದುಗರ ಕಣ್ಣಿಗೆ ಎಂದೂ ಬೀಳದ ಕೆಲಸವಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸ್ಟರ್ನ್ ಡ್ರೈವ್‌ನ ಶಾಫ್ಟ್ ಹಿಂಗೋಡೆಯಲ್ಲಿರುವ ಗಿಂಬಲ್ ಬೇರಿಂಗ್ ಮೂಲಕ ಹಾದು ಎಂಜಿನ್ನಿನ ಹಿಂಬದಿಯಲ್ಲಿ ಎರಡನ್ನೂ ಜೋಡಿಸುವ ಕಪ್ಲರ್ ಒಳಗಿನ ಹಲ್ಲುಗಳಿಗೆ ಕೂರುತ್ತದೆ. ಡ್ರೈವ್ ಏರಿಸುವ ಮುನ್ನ ಅದರ ಜಾಗದಲ್ಲಿ ಅಲೈನ್‌ಮೆಂಟ್ ಬಾರ್ ಎಂಬ ಉದ್ದನೆಯ ಉಕ್ಕಿನ ಸರಳಿನ ತುದಿಗೆ ಗ್ರೀಸ್ ಸವರಿ ಒಳಗೆ ತಳ್ಳಿ ನೋಡಬೇಕು. ಎರಡು ಬೆರಳಿನ ಬಲಕ್ಕೆ ಸರಳು ಸರಾಗವಾಗಿ ಒಳಹೋಗಿ ಹೊರಬರಬೇಕು. ಸುತ್ತಿಗೆ ಹಿಡಿಯುವ ಪ್ರಶ್ನೆಯೇ ಇಲ್ಲ. ಹೊರತೆಗೆದ ಸರಳಿನ ತುದಿಯ ಗ್ರೀಸ್‌ನಲ್ಲಿ ಕಪ್ಲರ್ ಹಲ್ಲುಗಳ ಗುರುತು ಸುತ್ತಲೂ ಸಮನಾಗಿ ಮೂಡಿದ್ದರೆ ಎಂಜಿನ್ ನೇರವಾಗಿದೆ ಎಂದರ್ಥ. ಗುರುತು ಮೇಲ್ಭಾಗದಲ್ಲಿ ಅಥವಾ ಕೆಳಭಾಗದಲ್ಲಿ ಮಾತ್ರ ಒತ್ತಿದ್ದರೆ, ಎಂಜಿನ್ನಿನ ಮುಂದಿನ ಮೌಂಟ್‌ನ ನಟ್ ಸಡಿಲಿಸಿ, ಕೂದಲೆಳೆಯಷ್ಟು ಏರಿಸಿಯೋ ಇಳಿಸಿಯೋ, ಗ್ರೀಸ್ ಒರೆಸಿ, ಹೊಸದಾಗಿ ಸವರಿ, ಮತ್ತೆ ತಳ್ಳಿ ನೋಡಬೇಕು. ಕಪ್ಲರನ್ನು ಕಾಲು ಸುತ್ತು ತಿರುಗಿಸಿ ಇನ್ನೊಮ್ಮೆ ನೋಡಬೇಕು. ಬೇಸರ ಹುಟ್ಟಿಸುವ ಈ ಕೆಲಸಕ್ಕೆ ಅರ್ಧ ದಿನ ಹಿಡಿದರೂ ಹಿಡಿದೀತು. ಅವಸರದಲ್ಲಿ ಇದನ್ನು ಬಿಟ್ಟು ಡ್ರೈವ್ ಏರಿಸಿದರೆ ದೋಣಿ ಉದ್ಘಾಟನೆಯ ದಿನ ಚೆನ್ನಾಗಿಯೇ ಓಡುತ್ತದೆ. ಕೆಲವು ತಿಂಗಳಲ್ಲಿ ಗಿಂಬಲ್ ಬೇರಿಂಗ್ ಗುರುಗುಟ್ಟಲು ಶುರುವಾಗಿ, ಕಪ್ಲರ್‌ನ ಹಲ್ಲುಗಳು ಸವೆದು, ಒಂದು ದಿನ ನಡುಗಡಲಿನಲ್ಲಿ ಎಂಜಿನ್ ಓಡುತ್ತಲೇ ಇದ್ದು ದೋಣಿ ಮಾತ್ರ ನಿಂತುಬಿಡುತ್ತದೆ. ಆಗ ಎಲ್ಲರೂ ಎಂಜಿನ್ ಕಂಪನಿಯನ್ನು ದೂರುತ್ತಾರೆ.

ಈ ಶಿಸ್ತು ನಮ್ಮ ಕರಾವಳಿಗೆ ಹೊಸತೇನೂ ಅಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ಮಲ್ಪೆ, ಮಂಗಳೂರು, ಗಂಗೊಳ್ಳಿ, ಕಾರವಾರಗಳಲ್ಲಿ ಟ್ರಾಲ್ ಬೋಟ್‌ಗಳ ಶಾಫ್ಟ್ ಹೊಂದಿಸುವ ಮೆಕ್ಯಾನಿಕ್‌ಗಳಿಗೆ ಎಂಜಿನ್ ಮತ್ತು ಶಾಫ್ಟ್‌ನ ತುದಿಯಲ್ಲಿ ಎದುರುಬದುರು ಕೂರುವ ಎರಡು ಬಿಲ್ಲೆಗಳ (ಫ್ಲೇಂಜ್) ನಡುವೆ ಫೀಲರ್ ಗೇಜ್ ಎಂಬ ತೆಳು ಅಳತೆಪಟ್ಟಿ ತೂರಿಸಿ ಸುತ್ತಲೂ ಅಂತರ ಅಳೆಯುವುದು ಕೈಗೆ ಅಂಟಿದ ವಿದ್ಯೆ. ದಡದ ಮೇಲೆ ಹೊಂದಿಸಿದ್ದನ್ನು ದೋಣಿ ನೀರಿಗಿಳಿದ ಮೇಲೆ ಮತ್ತೆ ನೋಡಬೇಕು, ಏಕೆಂದರೆ ತೇಲುವಾಗ ದೋಣಿಯ ಮೈ ಸ್ವಲ್ಪ ಬಾಗುತ್ತದೆ ಎಂಬುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಜೂನ್ ಮತ್ತು ಜುಲೈ ತಿಂಗಳ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ದಡಕ್ಕೆ ಎಳೆದ ದೋಣಿಗಳ ಸಾಲಿನಲ್ಲಿ ನಡೆದುಹೋದರೆ ಈ ಕೈಚಳಕವನ್ನು ಯಾರೂ ಕಣ್ಣಾರೆ ನೋಡಬಹುದು. ಆದರೆ ಈ ದೋಣಿಗಳು ನಿಧಾನವಾಗಿ ಹೋಗುವಂಥವು. ವೇಗದ ದೋಣಿಯ ಲೆಕ್ಕ ಬೇರೆ, ಅದರ ಉಪಕರಣಗಳು ಬೇರೆ, ಅದನ್ನು ಇವರಿಗೆ ಹೇಳಿಕೊಡುವ ಏರ್ಪಾಡು ನಮ್ಮ ಜಿಲ್ಲೆಗಳಲ್ಲಿ ಆಗಬೇಕಿದೆ.

ಪ್ರೊಪೆಲ್ಲರ್ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಫಲ ಸಿಗುವುದು ಇಲ್ಲಿಯೇ. ಪ್ರೊಪೆಲ್ಲರ್ ಮೇಲೆ ಕೊರೆದಿರುವ ಎರಡು ಸಂಖ್ಯೆಗಳಲ್ಲಿ ಮೊದಲನೆಯದು ವ್ಯಾಸ, ಎರಡನೆಯದು ಪಿಚ್. ಬಡಗಿ ಮರಕ್ಕೆ ಸ್ಕ್ರೂ ತಿರುಗಿಸಿದಾಗ ಅದು ಒಂದು ಸುತ್ತಿಗೆ ಎಷ್ಟು ಮುಂದೆ ಹೋಗುತ್ತದೋ ಹಾಗೆ, ಜಾರದೆ ತಿರುಗಿದರೆ ಪ್ರೊಪೆಲ್ಲರ್ ಒಂದು ಸುತ್ತಿಗೆ ಸಾಗುವ ದೂರವೇ ಪಿಚ್. ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುತ್ತಿದೆ, ಗೇರ್ ಅನುಪಾತ 1.75 (ಅಂದರೆ ಪ್ರೊಪೆಲ್ಲರಿನ ಒಂದು ಸುತ್ತಿಗೆ ಎಂಜಿನ್ 1.75 ಸುತ್ತು), ಪಿಚ್ 21 ಅಂಗುಲ ಎಂದಿಟ್ಟುಕೊಳ್ಳಿ. ಪ್ರೊಪೆಲ್ಲರ್ ನಿಮಿಷಕ್ಕೆ ಸುಮಾರು 3,429 ಸುತ್ತು ತಿರುಗುತ್ತದೆ. ಲೆಕ್ಕದ ಪ್ರಕಾರ ದೋಣಿ ಗಂಟೆಗೆ 110 ಕಿಲೋಮೀಟರ್‌ಗೆ ಒಂದಿಷ್ಟು ಕಡಿಮೆ ಓಡಬೇಕು. ಜಿಪಿಎಸ್ 98 ತೋರಿಸಿದರೆ ಜಾರುವಿಕೆ ಶೇಕಡಾ 11ರ ಸಮೀಪ ಎಂದಾಯಿತು, ಅದು ಒಳ್ಳೆಯ ಅಳವಡಿಕೆಯ ಲಕ್ಷಣ. ಅದೇ ಸುತ್ತಿನಲ್ಲಿ ಜಿಪಿಎಸ್ 82 ತೋರಿಸಿದರೆ ಜಾರುವಿಕೆ ಶೇಕಡಾ 25 ದಾಟಿತು. ಎಂಜಿನ್ ಎತ್ತರವೋ, ಪ್ರೊಪೆಲ್ಲರೋ, ದೋಣಿಯ ಭಾರವೋ ಎಲ್ಲೋ ತಪ್ಪಿದೆ ಎಂದು ತಿಳಿಯಬೇಕು. ಇದಕ್ಕೆ ಬೇಕಾದದ್ದು ಒಂದು ಕಾಗದ, ಒಂದು ಪೆನ್ನು, ಕೈಯಲ್ಲಿರುವ ಮೊಬೈಲ್. ಆದರೂ ಈ ಲೆಕ್ಕವನ್ನು ಮಾಡಿ ಕಡತದಲ್ಲಿ ಇಟ್ಟ ದೋಣಿಯನ್ನು ನಮ್ಮ ಕಡೆ ನಾನು ಕಾಣುವುದು ಬಹಳ ಅಪರೂಪ.

ಪ್ರತಿಯೊಂದು ಎಂಜಿನ್‌ಗೂ ಪೂರ್ತಿ ಥ್ರಾಟಲ್‌ನಲ್ಲಿ ಇಂತಿಷ್ಟು ಸುತ್ತಿನೊಳಗೆ ಇರಬೇಕೆಂದು ತಯಾರಕರು ಒಂದು ವ್ಯಾಪ್ತಿ ಕೊಟ್ಟಿರುತ್ತಾರೆ, ಉದಾಹರಣೆಗೆ 5,000ದಿಂದ 6,000. ಪಿಚ್ ಒಂದು ಅಂಗುಲ ಹೆಚ್ಚಿದರೆ ಸುತ್ತು ಸುಮಾರು 150ರಿಂದ 200ರಷ್ಟು ಇಳಿಯುತ್ತದೆ, ಕಡಿಮೆಯಾದರೆ ಅಷ್ಟೇ ಏರುತ್ತದೆ. ಇಲ್ಲಿಯೇ ನಮ್ಮಲ್ಲಿ ದೊಡ್ಡ ಪ್ರಮಾದ ನಡೆಯುತ್ತಿದೆ. ಹಸ್ತಾಂತರದ ದಿನ ಇಬ್ಬರೋ ಮೂವರೋ ಕೂತು, ಟ್ಯಾಂಕಿನ ತಳದಲ್ಲಿ ಸ್ವಲ್ಪ ಪೆಟ್ರೋಲ್ ಇಟ್ಟುಕೊಂಡು, ಅಲೆಯಿಲ್ಲದ ಹೊಳೆಯಲ್ಲಿ ಓಡಿಸಿ ವ್ಯಾಪ್ತಿಯ ಮೇಲ್ತುದಿಯನ್ನು ಮುಟ್ಟಿಸಿ ಸಹಿ ಹಾಕುತ್ತಾರೆ. ಮರುದಿನ ಅದೇ ದೋಣಿಯಲ್ಲಿ ಹತ್ತು ಹನ್ನೆರಡು ಜನ, ಲೈಫ್ ಜಾಕೆಟ್, ಲಂಗರು, ತುಂಬಿದ ಟ್ಯಾಂಕು ಎಲ್ಲ ಸೇರಿ ಹೊರಟಾಗ ಎಂಜಿನ್ ಆ ವ್ಯಾಪ್ತಿಯ ಕೆಳತುದಿಯನ್ನೂ ಮುಟ್ಟದೆ ಏದುಸಿರು ಬಿಡುತ್ತದೆ. ಸುತ್ತು ಏರದ ಎಂಜಿನ್‌ಗೆ ಪೂರ್ತಿ ಥ್ರಾಟಲ್ ಕೊಡುತ್ತಲೇ ಇದ್ದರೆ ಒಳಗೆ ಬಿಸಿ ಮತ್ತು ಒತ್ತಡ ಹೆಚ್ಚಿ ಪಿಸ್ಟನ್‌ಗೇ ಅಪಾಯ. ದೋಣಿ ನೀರಿನ ಮೇಲೆ ಏಳಲು ಒದ್ದಾಡುತ್ತದೆ, ಮೂತಿ ಆಕಾಶ ನೋಡುತ್ತದೆ, ಚಾಲಕನಿಗೆ ಎದುರಿನ ನೀರು ಕಾಣುವುದಿಲ್ಲ.

ನಮ್ಮ ಕಡೆಯ ಒಂದು ತೀರದಲ್ಲಿ ಪ್ರವಾಸಿ ದೋಣಿಯೊಂದನ್ನು ಹತ್ತಿರದಿಂದ ನೋಡುವ ಅವಕಾಶ ನನಗೆ ಸಿಕ್ಕಿತ್ತು. ಹಳೆಯ ಎರಡು ಸ್ಟ್ರೋಕ್ ಎಂಜಿನ್ ತೆಗೆದು ಹೆಚ್ಚು ಶಕ್ತಿಯ, ಹೆಚ್ಚು ತೂಕದ ನಾಲ್ಕು ಸ್ಟ್ರೋಕ್ ಎಂಜಿನ್ ಹಾಕಿದ್ದರು. ಹಿಂಭಾಗ ಭಾರವಾಗಿ, ಡೆಕ್‌ನ ನೀರು ಹೊರಹೋಗುವ ರಂಧ್ರಗಳು ನಿಂತ ದೋಣಿಯಲ್ಲಿ ಸಮುದ್ರದ ಮಟ್ಟಕ್ಕೆ ಬಂದಿದ್ದವು. ಓಡುವಾಗ ಎಂಜಿನ್ ಕಾಲಿನ ಎರಡೂ ಬದಿಯಿಂದ ನೀರು ಎದ್ದು ಹಿಂದೆ ಕೂತವರನ್ನು ತೋಯಿಸುತ್ತಿತ್ತು, ಸುತ್ತು ಮಾತ್ರ ಏರುತ್ತಿರಲಿಲ್ಲ. ಕೇಳಿದರೆ ಮಾಲೀಕರು, ‘ಕಂಪನಿಯಿಂದ ಬಂದ ಹಾಗೆಯೇ ಉಂಟು ಮಾರಾಯ್ರೆ, ನಾವೇನೂ ಮುಟ್ಟಲಿಲ್ಲ’ ಎಂದರು. ಮುಟ್ಟದಿರುವುದೇ ಸಮಸ್ಯೆಯಾಗಿತ್ತು. ಅವರ ಒಪ್ಪಿಗೆಯ ಮೇರೆಗೆ ಎಂಜಿನನ್ನು ಬೋಲ್ಟಿನ ಒಂದು ತೂತಿನಷ್ಟು, ಅಂದರೆ ಮುಕ್ಕಾಲು ಅಂಗುಲ ಮೇಲಕ್ಕೆತ್ತಿ, ಬ್ಯಾಟರಿಗಳನ್ನು ಮುಂದಕ್ಕೆ ಸಾಗಿಸಿ, 19ರ ಪಿಚ್ ತೆಗೆದು 17 ಹಾಕಿದೆವು. ಹಳೆಯ ಬೋಲ್ಟ್ ತೂತುಗಳ ಒಳಗಿನ ಮರ ಒದ್ದೆಯಾಗಿದ್ದುದು ಆಗಲೇ ಕಣ್ಣಿಗೆ ಬಿದ್ದದ್ದು. ಒಣಗಿಸಿ, ರಾಳ ತುಂಬಿ, ಸೀಲಂಟ್ ಹಾಕಿ ಬಿಗಿದೆವು. ನೀರು ಚಿಮ್ಮುವುದು ನಿಂತಿತು, ದೋಣಿ ತುಂಬಿದ ಜನರೊಂದಿಗೆ ಬೇಗ ಮೇಲೆದ್ದಿತು. ಹೊಸ ಎಂಜಿನ್ ಮೇಲೆ ಲಕ್ಷಗಟ್ಟಲೆ ಖರ್ಚು ಮಾಡಿಸಿದ ಮಾರಾಟಗಾರರು ಈ ಒಂದು ದಿನದ ಕೆಲಸವನ್ನು ಏಕೆ ಮಾಡಿಕೊಡಲಿಲ್ಲ ಎಂಬ ಪ್ರಶ್ನೆ ಈಗಲೂ ನನ್ನನ್ನು ಕಾಡುತ್ತದೆ.

ಎರಡು ಎಂಜಿನ್ ಇರುವ ದೋಣಿಗಳಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಒಂದು ಪ್ರೊಪೆಲ್ಲರ್ ಬಲಕ್ಕೂ ಇನ್ನೊಂದು ಎಡಕ್ಕೂ ತಿರುಗುವ ಜೋಡಿಯನ್ನೇ ಹಾಕಬೇಕು, ಇಲ್ಲದಿದ್ದರೆ ದೋಣಿ ಒಂದು ಬದಿಗೆ ವಾಲುತ್ತದೆ, ಸ್ಟೀರಿಂಗ್ ಒಂದೇ ಕಡೆ ಎಳೆಯುತ್ತದೆ. ಎರಡು ಡ್ರೈವ್‌ಗಳನ್ನು ಜೋಡಿಸುವ ಟೈ ಬಾರ್‌ನಲ್ಲಿ ಕಿಂಚಿತ್ತೂ ಸಡಿಲ ಇರಬಾರದು. ಆಳವಾದ ವಿ ಆಕಾರದ ತಳದ ದೋಣಿ ಅತಿ ವೇಗದಲ್ಲಿ ತಳದ ಸಣ್ಣ ಭಾಗದ ಮೇಲೆ ಮಾತ್ರ ನಿಂತಿರುತ್ತದೆ. ಆಗ ಸ್ಟೀರಿಂಗ್‌ನ ಸಡಿಲವೊಂದೇ ದೋಣಿ ಎಡಕ್ಕೂ ಬಲಕ್ಕೂ ಹೊಯ್ದಾಡಲು ಸಾಕು. ಅನುಭವವಿಲ್ಲದ ಚಾಲಕ ಪ್ರತಿ ಹೊಯ್ದಾಟಕ್ಕೂ ಸ್ಟೀರಿಂಗ್ ತಿರುಗಿಸಿ ಅದನ್ನು ಹೆಚ್ಚಿಸುತ್ತಾನೆ. ಥ್ರಾಟಲ್ ಮೆಲ್ಲಗೆ ಇಳಿಸಿ, ಡ್ರೈವ್‌ನ ಟ್ರಿಮ್, ಅಂದರೆ ಅದರ ಓಲುವಿಕೆಯನ್ನು, ತುಸು ಕೆಳಕ್ಕೆ ತಂದರೆ ಅದು ಅಡಗುತ್ತದೆ.

ಈ ಮಾತುಗಳನ್ನು ಈಗ ಹೇಳಲು ಕಾರಣವಿದೆ. 2024ರ ಡಿಸೆಂಬರ್ 18ರಂದು ಮುಂಬೈ ಬಂದರಿನಲ್ಲಿ ಎಂಜಿನ್ ಪರೀಕ್ಷೆಯಲ್ಲಿದ್ದ ನೌಕಾಪಡೆಯ ವೇಗದ ದೋಣಿಯೊಂದು ನಿಯಂತ್ರಣ ತಪ್ಪಿ, ಗೇಟ್‌ವೇ ಆಫ್ ಇಂಡಿಯಾದಿಂದ ಎಲಿಫೆಂಟಾ ದ್ವೀಪದತ್ತ ಹೊರಟಿದ್ದ ‘ನೀಲ್ ಕಮಲ್’ ಎಂಬ ಪ್ರಯಾಣಿಕರ ದೋಣಿಗೆ ಅಪ್ಪಳಿಸಿ ಹದಿಮೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಎಂಜಿನ್‌ನ ದೋಷದಿಂದ ನಿಯಂತ್ರಣ ತಪ್ಪಿತೆಂದು ನೌಕಾಪಡೆಯೇ ಅಂದು ಹೇಳಿತ್ತು. ತಪ್ಪು ಯಾರದೆಂದು ಹೇಳುವುದು ತನಿಖೆ ನಡೆಸುವವರ ಕೆಲಸ, ನನ್ನದಲ್ಲ. ಆದರೆ ಹೊಸ ಎಂಜಿನ್ ಅಥವಾ ಹೊಸ ಡ್ರೈವ್ ಕೂರಿಸಿದ ದೋಣಿ ಮೊದಲ ಕೆಲವು ಗಂಟೆ ಹೇಗೆ ವರ್ತಿಸುತ್ತದೆ ಎಂಬುದು ಅದನ್ನು ಕೂರಿಸಿದವರಿಗೂ ಪೂರ್ತಿ ತಿಳಿದಿರುವುದಿಲ್ಲ. ಆ ಕಾರಣಕ್ಕಾಗಿಯೇ ಅದು ಪರೀಕ್ಷೆ. ಅದನ್ನು ಜನರು ಓಡಾಡುವ ಜಲಮಾರ್ಗದಿಂದ ದೂರ ಇಡಬೇಕೆಂಬುದರಲ್ಲಿ ಎರಡು ಮಾತಿಲ್ಲ. ನಮ್ಮಲ್ಲೂ ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಪ್ರವಾಸಿ ದೋಣಿಗಳು ಹೋಗುತ್ತವೆ, ಮುರ್ಡೇಶ್ವರದಲ್ಲೂ ಪಣಂಬೂರಿನಲ್ಲೂ ಜಲಕ್ರೀಡೆ ನಡೆಯುತ್ತದೆ, ಅದೇ ನೀರಿನಲ್ಲಿ ನಾಡದೋಣಿಗಳು ಬಲೆ ಬೀಸುತ್ತವೆ.

ಪರೀಕ್ಷೆಗೆ ಹೊರಟ ದೋಣಿಯಲ್ಲಿ ಕೆಲಸವಿದ್ದವರು ಮಾತ್ರ ಇರಬೇಕು, ಚಾಲಕನ ಮೈಗೆ ಕಿಲ್ ಸ್ವಿಚ್‌ನ ಹಗ್ಗ ಕಟ್ಟಿರಲೇಬೇಕು. ಆತ ಜಾಗದಿಂದ ಜಾರಿದ ಕ್ಷಣ ಎಂಜಿನ್ ನಿಲ್ಲುವಂತೆ ಮಾಡುವ ಸರಳ ಸಾಧನ ಇದು. ಅಮೆರಿಕದಲ್ಲಿ 26 ಅಡಿಗಿಂತ ಚಿಕ್ಕ ಮೋಟಾರು ದೋಣಿಗಳಲ್ಲಿ ಇದರ ಬಳಕೆಯನ್ನು 2021ರ ಏಪ್ರಿಲ್ 1ರಿಂದ ಕಾನೂನೇ ಕಡ್ಡಾಯ ಮಾಡಿದೆ. ನಮ್ಮ ತೀರಗಳಲ್ಲಿ ಆ ಕೆಂಪು ಹಗ್ಗ ಚಾಲಕನ ಸೊಂಟದಲ್ಲಿರುವ ಬದಲು ಸ್ಟೀರಿಂಗ್ ಪಕ್ಕದ ಕೊಕ್ಕೆಗೆ ನೇತಾಡುತ್ತಿರುವುದನ್ನು ಯಾರು ಬೇಕಾದರೂ ಹೋಗಿ ನೋಡಬಹುದು.

ನನ್ನ ಕೋರಿಕೆ ಕಷ್ಟದ್ದಲ್ಲ. ಸರ್ಕಾರದ ಹಣದಲ್ಲಿ ಕೊಂಡ ಪ್ರತಿಯೊಂದು ವೇಗದ ದೋಣಿಗೂ, ಪ್ರಯಾಣಿಕರನ್ನು ಹತ್ತಿಸಿಕೊಳ್ಳುವ ಪ್ರತಿಯೊಂದು ಸ್ಪೀಡ್‌ಬೋಟ್‌ಗೂ ಒಂದು ಅಳವಡಿಕೆ ಹಾಳೆ ಇರಲಿ. ಎಂಜಿನ್ ಕೂರಿಸಿದ ಎತ್ತರ, ಗೇರ್ ಅನುಪಾತ, ಪ್ರೊಪೆಲ್ಲರ್‌ನ ವ್ಯಾಸ ಮತ್ತು ಪಿಚ್, ಪೂರ್ತಿ ಭಾರದಲ್ಲಿ ಪೂರ್ತಿ ಥ್ರಾಟಲ್‌ನ ಸುತ್ತು, ನೀರಿನ ಸೆಳೆತ ವೇಗವನ್ನು ತಪ್ಪಾಗಿ ತೋರಿಸದಂತೆ ಎದುರುಬದುರು ಎರಡು ದಿಕ್ಕಿನಲ್ಲಿ ಓಡಿಸಿ ತೆಗೆದ ಸರಾಸರಿ ವೇಗ, ತಂಪುನೀರಿನ ಒತ್ತಡ, ಎಂಜಿನ್ ತಾಪ ಇಷ್ಟೂ ಅದರಲ್ಲಿರಲಿ. ಮೂಲಪ್ರತಿ ದೋಣಿಯಲ್ಲೇ ಇದ್ದು, ನಕಲು ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯಲ್ಲಿ ಇರಲಿ. ಎಂಜಿನ್ ಅಥವಾ ಪ್ರೊಪೆಲ್ಲರ್ ಬದಲಾದಾಗ ಹಾಳೆಯೂ ಹೊಸದಾಗಲಿ. ಮುಂಬೈ ದಾಳಿಯ ನಂತರದ ವರ್ಷಗಳಲ್ಲಿ ಕರಾವಳಿ ಕಾವಲು ಪೊಲೀಸರಿಗೆ ಬಂದ 5 ಟನ್ ಮತ್ತು 12 ಟನ್ ದೋಣಿಗಳಿಗೆ ವಯಸ್ಸಾಗುತ್ತಿದೆ; ಅವುಗಳ ಎಂಜಿನ್ ಬದಲಿಸುವಾಗಲೋ ಹೊಸ ದೋಣಿ ಕೊಳ್ಳುವಾಗಲೋ ಟೆಂಡರ್‌ನಲ್ಲಿ ಅಶ್ವಶಕ್ತಿಯ ಸಾಲಿನ ಕೆಳಗೆ ಈ ಹಾಳೆಯ ಷರತ್ತನ್ನೂ ಸೇರಿಸಬೇಕೆಂದು ಗೃಹ ಇಲಾಖೆಯನ್ನು ವಿನಂತಿಸುತ್ತೇನೆ.

ತರಬೇತಿಗೂ ದೂರ ಹೋಗಬೇಕಾಗಿಲ್ಲ. ಕೊಚ್ಚಿಯಲ್ಲಿರುವ ಕೇಂದ್ರ ಮೀನುಗಾರಿಕಾ ನೌಕಾಯಾನ ಮತ್ತು ಎಂಜಿನಿಯರಿಂಗ್ ತರಬೇತಿ ಸಂಸ್ಥೆ ಮರೈನ್ ಫಿಟ್ಟರ್‌ಗಳನ್ನು ತಯಾರು ಮಾಡುತ್ತದೆ. ಅದರ ನೆರವಿನಿಂದ, ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯದ ಆಶ್ರಯದಲ್ಲಿಯೋ ಉಡುಪಿ ಮತ್ತು ಕಾರವಾರದ ಐಟಿಐಗಳಲ್ಲಿಯೋ, ಈಗಾಗಲೇ ಕೆಲಸ ಬಲ್ಲ ಮೆಕ್ಯಾನಿಕ್‌ಗಳಿಗೆ ಕೆಲವು ವಾರಗಳ ಪಾಠ ಏರ್ಪಡಿಸಿದರೆ ಸಾಕಾಗುತ್ತದೆ. ಫೀಲರ್ ಗೇಜ್ ಹಿಡಿಯಬಲ್ಲ ಕೈಗೆ ಅಲೈನ್‌ಮೆಂಟ್ ಬಾರ್ ಹಿಡಿಯಲು ಹೆಚ್ಚು ದಿನ ಬೇಡ.

ಮಳೆಗಾಲದಲ್ಲಿ ಪ್ರವಾಸಿ ದೋಣಿಗಳೂ ಜಲಕ್ರೀಡೆಯ ದೋಣಿಗಳೂ ದಡದಲ್ಲೇ ಇರುತ್ತವೆ, ಮೆಕ್ಯಾನಿಕ್‌ಗಳೂ ಊರಲ್ಲೇ ಇರುತ್ತಾರೆ. ಎತ್ತರ ಅಳೆಯುವುದು, ಪಿಚ್ ಬರೆದಿಡುವುದು, ಬೋಲ್ಟ್ ತೂತುಗಳ ಒದ್ದೆ ನೋಡುವುದು ಎಲ್ಲವನ್ನೂ ಆ ಬಿಡುವಿನಲ್ಲಿ ಮುಗಿಸಬಹುದು. ಕಡಲು ಶಾಂತವಾದ ಮೇಲೆ, ಮೊದಲ ಪ್ರವಾಸಿಯನ್ನು ಹತ್ತಿಸಿಕೊಳ್ಳಲು ಅನುಮತಿ ಕೊಡುವ ಮುನ್ನ, ಜನರ ತೂಕಕ್ಕೆ ಸಮನಾದ ಮರಳಿನ ಚೀಲಗಳನ್ನು ಹೇರಿ ಒಂದು ಓಟ ಓಡಿಸಿ ಉಳಿದ ಅಂಕಿಗಳನ್ನು ತುಂಬಿಸಿಕೊಳ್ಳುವಂತೆ ಬಂದರು ಅಧಿಕಾರಿಗಳು ಆದೇಶ ಹೊರಡಿಸಲಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಮರೈನ್ ಎಂಜಿನ್ ಫಿಟ್ಟರ್, ಉಡುಪಿ ಜಿಲ್ಲೆ